ಪ್ಲೇನ್ ಟೈಗರ್ ಚಿಟ್ಟೆ

ನಿಂಫಾಲಿಡೇ ಕುಟುಂಬದ ಉಷ್ಣವಲಯದ ಚಿಟ್ಟೆ. ವೈಜ್ಞಾನಿಕ ಹೆಸರು ಡಾನಾಸ್ ಕ್ರೈಸಿಪ್ಪಸ್. 1758ರಲ್ಲಿ ಲಿನೇಯಸ್ ಇದನ್ನು ಮೊದಲು ಹೆಸರಿಸಿದ. ಆಫ್ರಿಕ ಮತ್ತು ಏಷ್ಯಗಳಲ್ಲಿ ವ್ಯಾಪಕವಾಗಿದ್ದು, ಕರ್ನಾಟಕದಲ್ಲೂ ದೆಹಲಿ ಸೆರಗಿನ ನೋಯ್ಡಾದಲ್ಲೂ ಸಾಮಾನ್ಯ.

ಲಕ್ಷಣಗಳು: ರೆಕ್ಕೆಹರವು ಸುಮಾರು 7–8 ಸೆಂ.ಮೀ. ಮೈಬಣ್ಣ ಕಂದುಗಿತ್ತಳೆ. ಮುಂರೆಕ್ಕೆಯ ಕಪ್ಪು ತುದಿಯಲ್ಲಿ ಓರೆಯಾದ ಬಿಳಿ ಪಟ್ಟಿಯಿದೆ. ಹಿಂರೆಕ್ಕೆಯ ನಡುವೆ ಮೂರು ಕಪ್ಪು ಚುಕ್ಕೆಗಳಿವೆ. ಗಂಡಿನಲ್ಲಿ ಇವುಗಳ ಜೊತೆಗೆ ಗಂಧಚೀಲದ ಮಚ್ಚೆಯೂ ಇರುತ್ತದೆ. ಹತ್ತಿರದ ಬಂಧು ಸ್ಟ್ರೈಪ್ಡ್ ಟೈಗರ್‌ಗಿರುವ ದಪ್ಪ ಕಪ್ಪು ನರಗೆರೆಗಳು ಇದಕ್ಕಿಲ್ಲ.

ಜೀವನಚಕ್ರ: ಹೆಣ್ಣು ಎಕ್ಕದ ಎಲೆಗಳ ಮೇಲೆ ಒಂದೊಂದೇ ಮೊಟ್ಟೆಯಿಡುತ್ತದೆ. ನೋಯ್ಡಾದ ಯಮುನಾ ಬಯಲು, ಓಖ್ಲಾ ಪಕ್ಷಿಧಾಮದ ಆಸುಪಾಸು ಹಾಗೂ ಪಾಳು ನಿವೇಶನಗಳಲ್ಲಿ ಎಕ್ಕ ತಾನಾಗಿ ಬೆಳೆಯುತ್ತದೆ. ಕಪ್ಪು, ಬಿಳಿ, ಹಳದಿ ಬಣ್ಣಗಳ ಕಂಬಳಿಹುಳಕ್ಕೆ ಮೂರು ಜೊತೆ ಕರಿ ಎಳೆಗಳಿವೆ. ಕೋಶ ಹಸಿರು ಅಥವಾ ನಸುಗೆಂಪಾಗಿದ್ದು, ಹೊನ್ನಿನ ಚುಕ್ಕೆಗಳಿಂದ ಕೂಡಿರುತ್ತದೆ.

ರಕ್ಷಣೆ ಮತ್ತು ಅನುಕರಣೆ: ಎಕ್ಕದ ಹಾಲಿನಲ್ಲಿರುವ, ಹೃದಯಕ್ಕೆ ಮಾರಕವಾದ ವಿಷಾಂಶಗಳನ್ನು ಹುಳು ಮೈಯಲ್ಲಿ ಉಳಿಸಿಕೊಳ್ಳಬಲ್ಲದು. ಆದ್ದರಿಂದ ಚಿಟ್ಟೆ ಹಕ್ಕಿಗಳಿಗೆ ರುಚಿಸುವುದಿಲ್ಲ. ನಿಧಾನವಾಗಿ, ನಿರ್ಭಯವಾಗಿ ಹಾರುತ್ತದೆ. ವಿಷವಿಲ್ಲದ ಡಾನೈಡ್ ಎಗ್‌ಫ್ಲೈ ಹೆಣ್ಣು ಇದರ ವೇಷ ತಳೆದು ಪಾರಾಗುತ್ತದೆ. ಅದರ ಹಿಂರೆಕ್ಕೆಯ ಮೇಲಂಚಿನಲ್ಲಿ ಒಂದೇ ಕಪ್ಪು ಚುಕ್ಕೆಯಿರುವುದು ಗುರುತಿಸಲು ನೆರವಾಗುತ್ತದೆ.

ಸಂರಕ್ಷಣೆ: ಚಿಟ್ಟೆ ಅಪಾಯದಲ್ಲಿಲ್ಲ. ಆದರೂ ಕಳೆಯೆಂದು ಎಕ್ಕವನ್ನು ಕಡಿದರೆ ಆ ಜಾಗದ ಹುಳುಗಳಿಗೆ ಆಹಾರವಿಲ್ಲದಂತಾಗುತ್ತದೆ. ನಗರದ ಖಾಲಿ ಜಾಗಗಳಲ್ಲಿ ಈ ಗಿಡವನ್ನು ಉಳಿಸುವುದು ಅಗತ್ಯ.