ಕೌಂಟರಿನ ಆಚೆ ನಿಂತವರ ಕ್ರಿಸ್‌ಮಸ್



ಆಗಮನ ಕಾಲ ಶುರುವಾಯಿತೆಂದರೆ ಶೇಗಾಂವದಂತಹ ನಮ್ಮ ಗಡಿಭಾಗದ ಊರುಗಳಲ್ಲೂ ಮನೆಮನೆಯಲ್ಲಿ ಒಂದೇ ಪ್ರಶ್ನೆ: ಹಬ್ಬದ ಬಟ್ಟೆ ಯಾವಾಗ ತರುವುದು? ಸಣ್ಣಪುಟ್ಟ ಸಾಮಾನಿಗೆ ಜತ್ತ ಸಾಕು. ಹೊಸ ಬಟ್ಟೆಗೆ ಸಾಂಗಲಿ, ಮಿರಜ ಇಲ್ಲವೇ ವಿಜಯಪುರದ ಬಸ್ಸು ಹತ್ತುತ್ತೇವೆ, ಅದೂ ಹಬ್ಬಕ್ಕೆ ಎರಡೇ ದಿನ ಇರುವಾಗ. ಆ ಗದ್ದಲಕ್ಕೆ ಹೋಗಬೇಡಿ ಎಂದು ಹಿರಿಯರು ಹೇಳುವುದು ಜೇಬುಗಳ್ಳರ ಭಯಕ್ಕೆ, ಮಕ್ಕಳು ಕೈತಪ್ಪಿ ಹೋದಾರೆಂಬ ಭಯಕ್ಕೆ. ಆದರೆ ಇದೇ ಮಾತನ್ನು ನೂರು ವರ್ಷಗಳ ಹಿಂದೆ ಬೇರೊಂದು ಕಾರಣಕ್ಕೆ ಹೇಳಿದವರಿದ್ದರು.

ಅಮೆರಿಕದ ದೊಡ್ಡ ನಗರಗಳಲ್ಲಿ ಆಗ ಕ್ರಿಸ್‌ಮಸ್ ಎಂದರೆ ಅಂಗಡಿಯ ಹುಡುಗಿಯರಿಗೆ ಶಿಕ್ಷೆಯ ಕಾಲ. ಬೆಳಿಗ್ಗೆಯಿಂದ ತಡರಾತ್ರಿಯವರೆಗೆ ನಿಂತೇ ಇರಬೇಕು. ಎಷ್ಟೋ ಕಡೆ ಹೆಚ್ಚಿನ ದುಡಿಮೆಗೆ ಹೆಚ್ಚಿನ ಕೂಲಿ ಇರಲಿಲ್ಲ. ಗಂಟು ಹೊತ್ತು ಮನೆಮನೆಗೆ ತಲುಪಿಸುತ್ತಿದ್ದವರು ಚಿಕ್ಕ ಹುಡುಗರು. 1899ರಲ್ಲಿ ಅಲ್ಲಿ ರಾಷ್ಟ್ರೀಯ ಗ್ರಾಹಕರ ಸಂಘ ಹುಟ್ಟಿತು. ಅದರ ಕಾರ್ಯದರ್ಶಿ ಫ್ಲಾರೆನ್ಸ್ ಕೆಲಿ ಎಂಬ ಮಹಿಳೆ ಗ್ರಾಹಕರನ್ನೇ ನೇರವಾಗಿ ಕೇಳಿದರು: ನಿಮ್ಮ ಕೊನೆಗಳಿಗೆಯ ಖರೀದಿಗೆ ಬೆಲೆ ತೆರುವವರು ಯಾರು? ಬೇಗ ಕೊಳ್ಳಿ, ಹಗಲಿನಲ್ಲೇ ಕೊಳ್ಳಿ ಎಂಬ ಪ್ರಚಾರ ಹೀಗೆ ಬೆಳೆಯಿತು.

1912ರಲ್ಲಿ ನ್ಯೂಯಾರ್ಕಿನಲ್ಲಿ ಇನ್ನೊಂದು ಸಂಘ ಹುಟ್ಟಿತು. ಅದರ ಹೆಸರೇ 'ವ್ಯರ್ಥ ಉಡುಗೊರೆ ತಡೆಯುವ ಸಂಘ'. ಮೇಲಧಿಕಾರಿಗಳ ಉಡುಗೊರೆಗೆಂದು ದುಡಿಯುವ ಹೆಣ್ಣುಮಕ್ಕಳಿಂದ ಹಣ ಎತ್ತುವ ರೂಢಿಯನ್ನು ಅದು ವಿರೋಧಿಸಿತು. ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಕೂಡ ಅದರ ಸದಸ್ಯರಾದರು.

ಆದರೆ ವ್ಯಾಪಾರ ಜಾಣತನದ್ದು. 'ಬೇಗ ಕೊಳ್ಳಿ' ಎಂಬ ಕರುಣೆಯ ಮಾತನ್ನು ಅಂಗಡಿಗಳೇ ಜಾಹೀರಾತು ಮಾಡಿಕೊಂಡವು. ಹಬ್ಬದ ವ್ಯಾಪಾರ ವಾರಗಟ್ಟಲೆ ಹಿಗ್ಗಿತು, ಗದ್ದಲ ಮಾತ್ರ ತಗ್ಗಲಿಲ್ಲ. 2008ರ ನವೆಂಬರ್ 28ರ ನಸುಕಿನಲ್ಲಿ ನ್ಯೂಯಾರ್ಕಿನ ಸಮೀಪ, ರಿಯಾಯಿತಿ ಮಾರಾಟಕ್ಕೆ ಕಾದಿದ್ದ ಜನ ಬಾಗಿಲು ಮುರಿದು ಒಳನುಗ್ಗಿದಾಗ ಕಾಲ್ತುಳಿತಕ್ಕೆ ಸಿಕ್ಕಿ ಸತ್ತವನು ಆ ಅಂಗಡಿಯ ತಾತ್ಕಾಲಿಕ ಕೆಲಸಗಾರ.

ಇದು ದೂರದ ಕಥೆಯಷ್ಟೇ ಅಲ್ಲ. ನಮ್ಮ ಜತ್ತ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದ 1948ರಲ್ಲೇ ಆ ಪ್ರಾಂತ್ಯಕ್ಕೆ ಅಂಗಡಿ ಕೆಲಸಗಾರರಿಗಾಗಿ ಹೊಸ ಕಾಯ್ದೆ ಬಂತು. ದುಡಿಮೆಗೆ ಹೊತ್ತಿನ ಮಿತಿ, ವಾರಕ್ಕೊಂದು ರಜೆ ಅದರಲ್ಲಿದ್ದವು. ಹಾಗಿದ್ದರೂ ಕೇರಳದ ಕೋಯಿಕ್ಕೋಡಿನ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ಬರೀ ಕುಳಿತುಕೊಳ್ಳುವ ಹಕ್ಕಿಗಾಗಿ ಎಷ್ಟೋ ವರ್ಷ ಹೋರಾಡಬೇಕಾಯಿತು. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಆ ಹಕ್ಕನ್ನು ಕಾನೂನು ಮಾಡಿದವು.

ಈಗ ನಮ್ಮ ಮಾತಿಗೆ ಬರೋಣ. ಜತ್ತ ತಾಲೂಕಿನಿಂದ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಹೋಗುತ್ತವೆ. ಕಾರ್ಖಾನೆ ನಡೆಯುವ ಕಾಲದಲ್ಲೇ ಕ್ರಿಸ್‌ಮಸ್ ಬರುತ್ತದೆ. ಅಂಥವರಿಗೆ ಪೇಟೆಗೆ ಹೋಗಲು ಸಿಗುವುದು ಕೊನೆಯ ದಿನವೊಂದೇ. ಬಿಡುವಿದ್ದ ನಾವೂ ಅದೇ ದಿನ ಹೋದರೆ ಅವರ ಸಾಲು ಉದ್ದವಾಗುತ್ತದೆ, ಸೀರೆ ಮಡಚುವ ಅಕ್ಕ ಮನೆಗೆ ಹೋಗುವುದು ಇನ್ನಷ್ಟು ತಡವಾಗುತ್ತದೆ.

ಆದ್ದರಿಂದ ಈ ಸಲ ಪಟ್ಟಿ ಬರೆದಿಟ್ಟು, ಡಿಸೆಂಬರ್ ಮೊದಲ ವಾರದಲ್ಲೇ ಒಂದು ಮುಂಜಾನೆ ಹೋಗಿ ಬನ್ನಿ. ಬೇಕಾದಷ್ಟೇ ತನ್ನಿ. ಅಂಗಡಿಯಲ್ಲಿ ನಿಮಗೆ ಬಟ್ಟೆ ತೋರಿಸಿದವರಿಗೆ ಒಂದು ಒಳ್ಳೆಯ ಮಾತು ಹೇಳಿ. 24ರ ಸಂಜೆ ಗೋದಲಿ ಕಟ್ಟಲು ಗುಡಿಗೆ ಕೈಗಳು ಬೇಕು, ಬನ್ನಿ. ಬೆತ್ಲೆಹೇಮಿನಲ್ಲೂ ಅಂದು ಜನಸಂದಣಿಯೇ ಇತ್ತು. ಛತ್ರದಲ್ಲಿ ಜಾಗ ಸಿಗದೆ ಹೋದದ್ದು ಒಬ್ಬ ಬಸುರಿ ತಾಯಿಗೆ.