ಸುಕ್ಕಿಗಿಂತ ಕಲೆಯ ಚಿಂತೆ: ಕಪ್ಪು ತ್ವಚೆಯ ಕಥೆ

ಮುಪ್ಪು ಮೊದಲು ಕಾಣಿಸಿಕೊಳ್ಳುವುದು ಸುಕ್ಕಿನ ರೂಪದಲ್ಲಿ ಎಂದು ಸೌಂದರ್ಯವರ್ಧಕಗಳ ಜಾಹೀರಾತುಗಳು ಬಹುಕಾಲದಿಂದ ಹೇಳುತ್ತ ಬಂದಿವೆ. ಆದರೆ ಅಮೆರಿಕದ ಕಪ್ಪು ಮಹಿಳೆಯರ ಮಟ್ಟಿಗೆ ಇದು ಅರ್ಧ ಸತ್ಯ. ಅವರಲ್ಲಿ ಸುಕ್ಕು ತಡವಾಗಿ ಮೂಡುತ್ತದೆ. ನಡುವಯಸ್ಸಿನಲ್ಲಿ ಅವರನ್ನು ಹೆಚ್ಚು ಕಾಡುವುದು ಕೆನ್ನೆಯ ಬಂಗು, ಮೊಡವೆ ಮಾಸಿದ ಮೇಲೂ ಉಳಿಯುವ ಕಪ್ಪು ಕಲೆ, ಕಣ್ಣಿನ ಸುತ್ತ ಏಳುವ ಸಣ್ಣ ಕಪ್ಪು ಗಂಟುಗಳು.

ಇದಕ್ಕೆಲ್ಲ ಮೂಲ ಮೆಲನಿನ್ ಎಂಬ ವರ್ಣದ್ರವ್ಯ. ಅದನ್ನು ತಯಾರಿಸುವ ಜೀವಕೋಶಗಳ ಸಂಖ್ಯೆ ಎಲ್ಲ ಮನುಷ್ಯರಲ್ಲೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ವರ್ಣಕಣಗಳ ಗಾತ್ರ ಮತ್ತು ಹರಡಿಕೆಯಲ್ಲಿ. 1979ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಬಿಸಿಲಿನಿಂದ ಕಪ್ಪು ಹೊರಚರ್ಮಕ್ಕಿರುವ ಸಹಜ ರಕ್ಷಣೆಯ ಅಂಕ 13.4, ಬಿಳಿ ಚರ್ಮಕ್ಕೆ 3.4. ಸುಕ್ಕು ತಡವಾಗುವುದು ಬಹುಮಟ್ಟಿಗೆ ಈ ಕಾರಣಕ್ಕೆ. ಆದರೆ ಇದೇ ಜೀವಕೋಶಗಳು ಸಣ್ಣ ಗಾಯ, ಉರಿಗೂ ಕೆರಳಿ ಹೆಚ್ಚು ಬಣ್ಣ ಸುರಿಸುತ್ತವೆ. ಕಲೆ ಉಳಿಯುವುದು ಹಾಗೆ.

ಮುಖದ ಕಪ್ಪು ಗಂಟುಗಳಿಗೆ ಇಟಲಿಯ ವೈದ್ಯ ಆಲ್ಡೊ ಕ್ಯಾಸ್ಟೆಲಾನಿ 1925ರಲ್ಲೇ ವೈದ್ಯಕೀಯ ಹೆಸರು ಕೊಟ್ಟಿದ್ದ. ಅವು ಅಪಾಯಕಾರಿಯಲ್ಲ ಎಂಬುದೂ ತಿಳಿದಿತ್ತು. ಆದರೆ ಕಲೆಯ ಚಿಂತೆಗೆ ವೈದ್ಯರಿಗಿಂತ ಮೊದಲು ಉತ್ತರ ಕೊಟ್ಟದ್ದು ಮಾರುಕಟ್ಟೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಪ್ಪು ಜನರ ಪತ್ರಿಕೆಗಳಲ್ಲೂ ಬಿಳುಪಿನ ಕ್ರೀಮುಗಳ ಜಾಹೀರಾತು ತುಂಬಿರುತ್ತಿತ್ತು. ಕೇಶತೈಲ ಮಾರಿ ಶ್ರೀಮಂತಳಾದ ಕಪ್ಪು ಉದ್ಯಮಿ ಮೇಡಂ ಸಿ.ಜೆ. ವಾಕರ್ ತಾನು ಬದುಕಿರುವವರೆಗೆ ಅಂಥ ಕ್ರೀಮು ಮಾರಲಿಲ್ಲ. 1919ರಲ್ಲಿ ಆಕೆ ತೀರಿಕೊಂಡ ನಂತರ ಆಕೆಯ ಕಂಪೆನಿಯೂ ‘ಟ್ಯಾನ್ ಆಫ್’ ಎಂಬ ಹೆಸರಿನಲ್ಲಿ ಅದನ್ನು ಹೊರತಂದಿತು.

1939ರಲ್ಲಿ ಅಮೆರಿಕದ ಚರ್ಮ ಹದಮಾಡುವ ಕಾರ್ಖಾನೆಯೊಂದರ ಕಾರ್ಮಿಕರ ಕೈಗಳು ಬಿಳಿಚಿಕೊಂಡ ಪ್ರಕರಣ ವರದಿಯಾಯಿತು. ಅವರು ತೊಡುತ್ತಿದ್ದ ರಬ್ಬರ್ ಕೈಗವಸಿನಲ್ಲಿದ್ದ ರಾಸಾಯನಿಕವೇ ಕಾರಣ ಎಂದು ಪತ್ತೆಯಾಯಿತು. ಅದರ ಹತ್ತಿರದ ಬಂಧುವಾದ ಹೈಡ್ರೋಕ್ವಿನೋನ್ ಮುಂದೆ ಬಿಳುಪಿನ ಕ್ರೀಮುಗಳ ಮುಖ್ಯ ಸರಕಾಯಿತು. ವೈದ್ಯರ ನಿಗಾದಲ್ಲಿ, ಮಿತ ಅವಧಿಗೆ ಬಳಸಿದರೆ ಅದು ಔಷಧವೇ. ವರ್ಷಗಟ್ಟಲೆ ಹಚ್ಚಿದರೆ ಪರಿಣಾಮ ತಿರುಗುಮುರುಗು. 1975ರಲ್ಲಿ ದಕ್ಷಿಣ ಆಫ್ರಿಕಾದ ವೈದ್ಯರು, ಇಂಥ ಕ್ರೀಮು ಬಳಸಿದ ಮಹಿಳೆಯರ ಕೆನ್ನೆಗಳಲ್ಲಿ ಸುಲಭವಾಗಿ ಅಳಿಯದ ನೀಲಿಗಪ್ಪು ಕಲೆ ಮೂಡಿರುವುದನ್ನು ವರದಿ ಮಾಡಿದರು. ಕಲೆ ಹೆಚ್ಚಿದಷ್ಟೂ ಕ್ರೀಮನ್ನು ಇನ್ನಷ್ಟು ಹಚ್ಚುವುದು ಈ ದುರಂತದ ಇನ್ನೊಂದು ಮುಖ. ಆ ದೇಶ 1990ರಲ್ಲಿ ಸೌಂದರ್ಯವರ್ಧಕಗಳಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರುವ ಅವಕಾಶ ಅಮೆರಿಕದಲ್ಲಿ ಕೊನೆಗೊಂಡದ್ದು 2020ರ ಕಾನೂನಿನಿಂದ.

ವಿಜ್ಞಾನದ ಅಳತೆಗೋಲೂ ಪಕ್ಷಪಾತದಿಂದ ಹೊರತಾಗಿರಲಿಲ್ಲ. ಚರ್ಮವನ್ನು ಬಿಸಿಲಿಗೆ ತೋರುವ ಪ್ರತಿಕ್ರಿಯೆಯ ಮೇಲೆ ವಿಂಗಡಿಸುವ ಫಿಟ್ಜ್‌ಪ್ಯಾಟ್ರಿಕ್ ಮಾಪಕ 1975ರಲ್ಲಿ ರೂಪುಗೊಂಡಾಗ ಅದರಲ್ಲಿದ್ದುದು ಬಿಳಿಯರನ್ನು ಗಮನದಲ್ಲಿಟ್ಟ ನಾಲ್ಕು ವರ್ಗಗಳು ಮಾತ್ರ. ಕಂದು, ಕಪ್ಪು ಚರ್ಮದ ವರ್ಗಗಳು ನಂತರ ಸೇರಿದವು.

ಬದಲಾವಣೆ ಬಂದದ್ದು ಹೆಚ್ಚಾಗಿ ಕಪ್ಪು ಮಹಿಳೆಯರ ಪ್ರಯತ್ನದಿಂದಲೇ. ಯೂನಿಸ್ ಜಾನ್ಸನ್ ನಡೆಸುತ್ತಿದ್ದ ‘ಎಬೊನಿ’ ಪತ್ರಿಕೆಯ ಫ್ಯಾಷನ್ ಪ್ರದರ್ಶನದ ರೂಪದರ್ಶಿಯರು ತಮ್ಮ ಮೈಬಣ್ಣದ ಪ್ರಸಾಧನ ಸಿಗದೆ ತಾವೇ ಬೆರೆಸಿಕೊಳ್ಳುತ್ತಿದ್ದರು. ಅದನ್ನು ಕಂಡು 1973ರಲ್ಲಿ ‘ಫ್ಯಾಷನ್ ಫೇರ್’ ಪ್ರಸಾಧನಗಳು ಬಂದವು. 1999ರಲ್ಲಿ ಡಾ. ಸೂಸನ್ ಟೇಲರ್ ನ್ಯೂಯಾರ್ಕ್‌ನಲ್ಲಿ ಬಿಳಿಯರಲ್ಲದವರ ಚರ್ಮಕ್ಕೆಂದೇ ಚಿಕಿತ್ಸಾ ಕೇಂದ್ರ ತೆರೆದರು.

ಕಪ್ಪು ಚರ್ಮಕ್ಕೆ ಬಿಸಿಲಿನ ಭಯವಿಲ್ಲ ಎಂಬ ನಂಬಿಕೆಯೂ ಈಚೆಗೆ ಸಡಿಲಗೊಂಡಿದೆ. ಕಣ್ಣಿಗೆ ಕಾಣುವ ಸಾಮಾನ್ಯ ಬೆಳಕೇ ಕಪ್ಪು, ಕಂದು ಚರ್ಮದಲ್ಲಿ ಬಹುದಿನ ಉಳಿಯುವ ಕಪ್ಪನ್ನು ತರಬಲ್ಲದು ಎಂದು 2010ರ ಅಧ್ಯಯನ ತೋರಿಸಿತು. ಸಾಮಾನ್ಯ ಸನ್‌ಸ್ಕ್ರೀನ್ ಈ ಬೆಳಕನ್ನು ಹೆಚ್ಚು ತಡೆಯುವುದಿಲ್ಲ. ಕಬ್ಬಿಣದ ಆಕ್ಸೈಡ್ ಬೆರೆತ, ಬಣ್ಣವಿರುವ ಸನ್‌ಸ್ಕ್ರೀನ್ ತಡೆಯುತ್ತದೆ.

ಬಂಗು ಎಂಬ ಮಾತು ಕನ್ನಡದ ಮನೆಗಳಿಗೆ ಹೊಸದಲ್ಲ. ಹೆಚ್ಚಿನ ಕನ್ನಡಿಗರ ಮೈಬಣ್ಣವೂ ಆ ಮಾಪಕದ ಕೊನೆಯರ್ಧದಲ್ಲೇ ಬೀಳುತ್ತದೆ. ಅಂಗಡಿಯಲ್ಲಿ ಬಿಳುಪಿನ ಕ್ರೀಮಿಗೆ ಕೈ ಚಾಚುವ ಮುನ್ನ ಚರ್ಮವೈದ್ಯರನ್ನು ಕಾಣುವುದು ಲೇಸು ಎಂಬ ಪಾಠ ಇಲ್ಲಿಗೂ ಅಷ್ಟೇ ಸಲ್ಲುತ್ತದೆ.