ಅಂಕಲಿಯಿಂದ ಹೊರಡುವ ಕುದುರೆಗಳು

ಇಚಲಕರಂಜಿಯಿಂದ ನಾಲ್ಕಾರು ಗೆಳೆಯರು ಸೇರಿ ಸೈಕಲ್ ಮೇಲೆ ಪಂಢರಪುರಕ್ಕೆ ಹೊರಡಬೇಕೆಂದರೆ ಮೊದಲು ಕೂತು ಮಾತಾಡಿಕೊಳ್ಳಬೇಕಾದದ್ದು ಸಾಕಷ್ಟಿದೆ. ಮಿರಜ ದಾಟಿ ನೂರೈವತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿ. ಸಾಮಾನಿನ ಗಾಡಿ ಮುಂದೆ ಹೋಗಬೇಕೋ ಹಿಂದೆ ಬರಬೇಕೋ? ಮುಕ್ಕಾಂ ಎಲ್ಲಿ, ಅಡುಗೆ ಯಾರದು, ತಲೆಗೆ ಎಷ್ಟು ಪಟ್ಟಿ? ಹಿಂದೆ ಬಿದ್ದವನಿಗಾಗಿ ಯಾರು ನಿಲ್ಲಬೇಕು? ಸೈಕಲ್ ಹುಟ್ಟುವುದಕ್ಕೂ ಮೊದಲೇ ಈ ಸೀಮೆಯ ಜನ ಇವೇ ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡಿದ್ದರು. ಆಳಂದಿಯಿಂದ ಪಂಢರಪುರಕ್ಕೆ ಹೋಗುವ ಜ್ಞಾನೇಶ್ವರ ಮಾವುಲಿಯ ಪಾಲಖಿಯ ಶಿಸ್ತಿನಲ್ಲಿ ಆ ಉತ್ತರಗಳು ಇಂದಿಗೂ ಚಾಲ್ತಿಯಲ್ಲಿವೆ.

ಪಂಢರಪುರಕ್ಕೆ ನಡೆದು ಹೋಗುವ ರೂಢಿ, ಅಂದರೆ ವಾರಿ, ಜ್ಞಾನೇಶ್ವರರಿಗಿಂತ ಹಳೆಯದೆಂದು ಅದನ್ನು ನಡೆಸುವ ವಾರಕರಿಗಳು ನಂಬುತ್ತಾರೆ. ಪಾಲಖಿಯ ಪದ್ಧತಿ ಬಂದದ್ದು 1685ರ ಸುಮಾರಿಗೆ. ತುಕಾರಾಮರ ಕಿರಿಯ ಮಗ ನಾರಾಯಣ ಮಹಾರಾಜರು ತಂದೆಯ ಪಾದುಕೆಗಳ ಜೊತೆ ಜ್ಞಾನೇಶ್ವರರ ಪಾದುಕೆಗಳನ್ನೂ ಒಂದೇ ಪಾಲಖಿಯಲ್ಲಿಟ್ಟು ಹೊರಟರು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಜ್ಞಾನೇಶ್ವರರ ಪಾಲಖಿಯನ್ನು ಬೇರೆಯಾಗಿ ಕಟ್ಟಿ ನಿಲ್ಲಿಸಿದವರು ಹೈಬತಬಾಬಾ. ಸಾತಾರಾ ಜಿಲ್ಲೆಯ ಆರಫಳದವರು, ಗ್ವಾಲಿಯರಿನ ಶಿಂದೆ ದರಬಾರಿನಲ್ಲಿ ಸರದಾರರಾಗಿದ್ದವರು. ಊರಿಗೆ ಮರಳುವಾಗ ಸಾತಪುಡಾ ಬೆಟ್ಟಗಳಲ್ಲಿ ದರೋಡೆಕೋರರ ಕೈಗೆ ಸಿಕ್ಕು, ಹರಿಪಾಠ ಹೇಳುತ್ತಲೇ ಬಿಡುಗಡೆಯಾದರಂತೆ. ಅಲ್ಲಿಂದ ಆಳಂದಿಗೆ ಬಂದು ನೆಲೆಸಿಬಿಟ್ಟರು.

ದಂಡಿನ ಜೊತೆ ತಿರುಗಿದ ಮನುಷ್ಯ. ಸಾವಿರಾರು ಜನ ಒಂದೇ ದಾರಿಯಲ್ಲಿ ಹೋದರೆ ನೀರು, ನೆರಳು, ಸಾಲು, ಸರದಿ ಏನೇನು ಬೇಕೆಂದು ಅವರಿಗೆ ಗೊತ್ತಿತ್ತು. ಭಕ್ತರ ಗುಂಪುಗಳನ್ನು ದಿಂಡಿಗಳಾಗಿ ಹೊಂದಿಸಿ, ಯಾರ ಹಿಂದೆ ಯಾರೆಂದು ಗೊತ್ತುಪಡಿಸಿದರು. ಕುದುರೆ, ಡೇರೆ, ನೈವೇದ್ಯಕ್ಕಾಗಿ ಅವರು ನೋಡಿದ್ದು ಅಂಕಲಿಯ ಕಡೆ.

ಅಂಕಲಿ ಈಗ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನಲ್ಲಿ, ಕೃಷ್ಣೆಯ ದಂಡೆಗಿರುವ ಊರು. ಇಚಲಕರಂಜಿಯಿಂದ ಒಂದು ಬೆಳಗಿನ ಸೈಕಲ್ ದಾರಿ. ಅಲ್ಲಿಯ ಶಿತೋಳೆ ಸರದಾರರಿಗೂ ಶಿಂದೆಯವರಿಗೂ ನೆಂಟಸ್ತಿಕೆಯಿತ್ತು. ಮಹಾದಜಿ ಶಿಂದೆಯ ಮಗಳು ಬಾಳಾಬಾಯಿ ಶಿತೋಳೆಯವರ ಮನೆಯ ಸೊಸೆ. ಹೈಬತಬಾಬಾ ಈ ಮನೆತನದ ಬಾಗಿಲಿಗೆ ಬಂದದ್ದರಲ್ಲಿ ಆ ಹಳೆಯ ಬಳಕೆಯ ಪಾಲೂ ಇದ್ದೀತು. ಅಂದು ಒಪ್ಪಿಕೊಂಡ ಸೇವೆಯನ್ನು ಮನೆತನ ಇನ್ನೂ ನಡೆಸುತ್ತಿದೆ. ಪ್ರತಿ ವರ್ಷ ಜ್ಯೇಷ್ಠ ಮಾಸದಲ್ಲಿ ಎರಡು ಕುದುರೆಗಳು ಅಂಕಲಿಯಿಂದ ಹೊರಡುತ್ತವೆ. ಲಾರಿ ಏರಿಸುವುದಿಲ್ಲ, ನಡೆಸಿಕೊಂಡೇ ಒಯ್ಯುತ್ತಾರೆ. ಮಿರಜ, ಸಾಂಗಲಿವಾಡಿ, ಪೇಠ ನಾಕಾ, ಭುಯಿಂಜ, ಪುಣೆ ಹೀಗೆ ಮುಕ್ಕಾಂ ಮಾಡುತ್ತ ಸುಮಾರು 300 ಕಿಲೋಮೀಟರ್ ನಡೆದು ಆಳಂದಿ ಮುಟ್ಟುತ್ತವೆ. ಒಂದರ ಮೇಲೆ ಪತಾಕೆ ಹಿಡಿದ ಸವಾರ ಇರುತ್ತಾನೆ. ಇನ್ನೊಂದರ ಬೆನ್ನು ಬರಿದು; ಅದು ಮಾವುಲಿಯ ಕುದುರೆ. ಅದರ ಮೇಲೆ ಜ್ಞಾನೇಶ್ವರರೇ ಕೂತಿದ್ದಾರೆಂದು ಜನ ಕೈಮುಗಿಯುತ್ತಾರೆ, ಬಯಲಿನಲ್ಲಿ ಸುತ್ತು ಹಾಕುವ ರಿಂಗಣದಲ್ಲಿ ಅದು ಓಡಿದ ಜಾಗದ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳುತ್ತಾರೆ.

ಜ್ಯೇಷ್ಠ ಬಹುಳ ಅಷ್ಟಮಿಗೆ ಆಳಂದಿ ಬಿಟ್ಟ ಪಾಲಖಿ ಆಷಾಢ ಶುದ್ಧ ದಶಮಿಗೆ ಪಂಢರಪುರ ಸೇರಬೇಕು. ಈ ದಿನಗಳ ಲೆಕ್ಕ ತಪ್ಪುವಂತಿಲ್ಲ. ಪಾಲಖಿಯ ರಥದ ಮುಂದೆ 27 ದಿಂಡಿಗಳು, ಉಳಿದವು ಹಿಂದೆ, ಪ್ರತಿಯೊಂದಕ್ಕೂ ಅದರದೇ ಜಾಗ. ನಸುಕಿನಲ್ಲಿ ಕಹಳೆ ಮೊದಲ ಸಲ ಊದಿದರೆ ಸಜ್ಜಾಗಬೇಕು, ಎರಡನೆಯದಕ್ಕೆ ಸಾಲಿನಲ್ಲಿ ನಿಲ್ಲಬೇಕು, ಮೂರನೆಯದಕ್ಕೆ ನಡಿಗೆ. ಪುಣೆ ಬಿಟ್ಟ ಮೇಲೆ ದಿವೆ ಘಾಟ್ ಏರುವಾಗ ರಥಕ್ಕೆ ಹೆಚ್ಚಿನ ಜೋಡಿ ಎತ್ತುಗಳನ್ನು ಹೂಡುತ್ತಾರೆ. ದಿಂಡಿಯವರು ತಮ್ಮೊಳಗೆ ಪಟ್ಟಿ ಹಾಕಿಕೊಂಡಿರುತ್ತಾರೆ. ಹಾಸಿಗೆ, ಪಾತ್ರೆ, ಕಾಳುಕಡಿ ಹೊತ್ತ ಲಾರಿ ಮುಂದೆ ಹೋಗಿ ಡೇರೆ ಹೊಡೆದು ಒಲೆ ಹಚ್ಚುತ್ತದೆ. ನೀರಿನ ಟ್ಯಾಂಕರ್ ಅದರ ಜೊತೆಗೇ. ಹಿಂದೆ ಈ ಕೆಲಸ ಚಕ್ಕಡಿಗಳದ್ದಾಗಿತ್ತು.

ಇಷ್ಟೊಂದು ಜನ ಕೂಡಿದಲ್ಲಿ ಜಗಳ ಇರದೇ ಹೋದೀತೆ? ಅದಕ್ಕೂ ಸಂಜೆಯ ಸಮಾಜ ಆರತಿಯಲ್ಲಿ ದಾರಿಯಿದೆ. ಮುಕ್ಕಾಮಿನ ಬಯಲಿನಲ್ಲಿ ದಿಂಡಿಗಳೆಲ್ಲ ಪಾಲಖಿಯ ಸುತ್ತ ನಿಂತು ತಾಳ ಬಾರಿಸುತ್ತಿರುತ್ತವೆ. ಶಿಸ್ತು ನೋಡಿಕೊಳ್ಳುವ ಚೋಪದಾರರು ಬೆಳ್ಳಿಯ ಕೋಲನ್ನು ಮೇಲೆತ್ತಿ ಕೂಗು ಹಾಕಿದ ಗಳಿಗೆಗೆ ಸದ್ದೆಲ್ಲ ನಿಲ್ಲುತ್ತದೆ. ಯಾವ ದಿಂಡಿಗೆ ತಕರಾರು ಇದೆಯೋ ಅದು ಮಾತ್ರ ತಾಳ ನಿಲ್ಲಿಸುವುದಿಲ್ಲ. ಚೋಪದಾರರು ಅಲ್ಲಿಗೆ ಹೋಗಿ ದೂರು ಕೇಳಿಕೊಂಡ ಮೇಲೆಯೇ ಆ ತಾಳವೂ ನಿಲ್ಲುತ್ತದೆ. ಕಳೆದ, ಸಿಕ್ಕ ವಸ್ತುಗಳನ್ನೂ ಮರುದಿನ ಹೊರಡುವ ವೇಳೆಯನ್ನೂ ಅಲ್ಲೇ ಸಾರುತ್ತಾರೆ. ದೂರು ಹೇಳುವವರು ದನಿ ಏರಿಸಬೇಕಿಲ್ಲ, ಅದು ಕೇಳದೇ ಉಳಿಯುವುದೂ ಇಲ್ಲ. ಜನಸಂದಣಿಯ ನಡುವೆ ನ್ಯಾಯ ಕೇಳಲು ಇದಕ್ಕಿಂತ ಚೆಂದದ ರೀತಿ ಸಿಗುವುದು ಕಷ್ಟ.

ಬಾರ್ಸಿ ಲೈಟ್ ರೈಲ್ವೆಯ ಸಣ್ಣ ಗಾಡಿ 1906ರಲ್ಲಿ ಪಂಢರಪುರಕ್ಕೂ 1927ರಲ್ಲಿ ಮಿರಜಕ್ಕೂ ಬಂತು. ನಡೆಯುವವರು ನಡೆಯುತ್ತಲೇ ಉಳಿದರು.

ವಾರಿ ಹೀಗೆ ಕೂಡಿ ಸಾಗುವ ದಾರಿಯಾದರೆ, ಯುರೋಪಿನಲ್ಲಿ ಸೈಕಲ್ಲಿನ ದೂರದಾರಿ ಬೇರೆ ತತ್ವದ ಮೇಲೆ ಬೆಳೆಯಿತು. ಟೂರ್ ಡಿ ಫ್ರಾನ್ಸ್‌ನ ಮೊದಲ ವರ್ಷಗಳಲ್ಲಿ ಸವಾರ ಯಾರ ನೆರವನ್ನೂ ಪಡೆಯುವಂತಿರಲಿಲ್ಲ. 1913ರಲ್ಲಿ ಪಿರೆನೀಸ್ ಪರ್ವತದಲ್ಲಿ ಯುಜೀನ್ ಕ್ರಿಸ್ಟೋಫ್‌ನ ಸೈಕಲ್ಲಿನ ಮುಂದಿನ ಫೋರ್ಕ್ ಮುರಿಯಿತು. ಸೈಕಲ್ ಹೊತ್ತು ಮೈಲುಗಟ್ಟಲೆ ನಡೆದು, ಕೆಳಗಿನ ಹಳ್ಳಿಯ ಕುಲುಮೆಯಲ್ಲಿ ತಾನೇ ಕಬ್ಬಿಣ ಕಾಯಿಸಿ ಬೆಸೆದ. ತಿದಿ ಒತ್ತಲು ಹುಡುಗನೊಬ್ಬ ಕೈಜೋಡಿಸಿದ್ದಕ್ಕೆ ಕ್ರಿಸ್ಟೋಫ್‌ನಿಗೆ ದಂಡ ಬಿತ್ತು. ವಾರಿಯಲ್ಲಿ ಆ ಹುಡುಗನ ಕಾಲಿಗೇ ಜನ ಬೀಳುತ್ತಿದ್ದರು.

ನಮ್ಮ ಕಡೆಯ ಸೈಕಲ್ ಯಾತ್ರೆಗಳು ವಾರಿಗೇ ಹತ್ತಿರ. 2008ರಲ್ಲಿ ಕರ್ನಾಟಕದಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್‌ನಲ್ಲಿ ಸಾಮಾನು ಗಾಡಿಯಲ್ಲಿ ಬರುತ್ತದೆ, ರಿಪೇರಿಯವರೂ ವೈದ್ಯರೂ ಜೊತೆಗಿರುತ್ತಾರೆ. ನಾಶಿಕ ಮೊದಲಾದ ಊರುಗಳ ಸೈಕಲ್ ಸಂಘಗಳಂತೂ ಪಂಢರಪುರಕ್ಕೇ ಸೈಕಲ್ ವಾರಿ ಹೊರಡಿಸುತ್ತವೆ. ಅಲ್ಲಿ ಬಯಲಿನಲ್ಲಿ ಸೈಕಲ್ಲುಗಳ ರಿಂಗಣವೂ ನಡೆದಿದೆ. ಆಷಾಢ ಏಕಾದಶಿ ಹತ್ತಿರವಾದಂತೆ ಪಾಲಖಿಗಳೆಲ್ಲ ಪಂಢರಪುರದ ಬಳಿಯ ವಾಖರಿಯಲ್ಲಿ ಕೂಡುತ್ತವೆ, ದಾರಿ ತುಂಬ ನಡೆಯುವವರೇ ಇರುತ್ತಾರೆ. ಅವರಿಗೆ ತೊಡಕಾಗದಂತೆ ಸೈಕಲ್‌ನವರು ಕೆಲವು ದಿನ ಮುಂಚೆಯೇ ಹೋಗಿ ಬರುವುದು ಒಳ್ಳೆಯದು. ಇಚಲಕರಂಜಿಯ ಗೆಳೆಯರು ದಿನ ಗೊತ್ತುಮಾಡುವಾಗ ಅಂಕಲಿಯ ಕುದುರೆಗಳು ಯಾವ ದಿನ ಹೊರಡುತ್ತವೆಂದು ಮೊದಲು ವಿಚಾರಿಸಿಕೊಂಡರೆ ಮಿರಜದವರೆಗಾದರೂ ಅವುಗಳ ಜೊತೆಗೇ ಹೋಗಬಹುದು.